ಕೊನೆಯಕ್ಷರದ ಕೊಂಡಿ: ಅಂತಾದಿಯಿಂದ ಅಂತ್ಯಾಕ್ಷರಿಯವರೆಗೆ

ಏರ್ಕಾಡಿನ ಬೆಟ್ಟಗಳಲ್ಲಿ ಹುಟ್ಟಿ ನಮ್ಮ ಪಾಪಿರೆಡ್ಡಿಪಟ್ಟಿಯ ಸೀಮೆಗೆ ನೀರುಣಿಸುವ ವಾಣಿಯಾರು ಮುಂದೆ ತೆಂಪೆಣ್ಣೆಯನ್ನು ಕೂಡಿಕೊಳ್ಳುತ್ತದೆ. ತೆಂಪೆಣ್ಣೆಯೆಂದರೆ ಬೇರೆಯಲ್ಲ, ನಂದಿಬೆಟ್ಟದ ಸೀಮೆಯಿಂದ ಹೊರಟು ಹೊಸೂರು, ಕೃಷ್ಣಗಿರಿಗಳನ್ನು ಹಾಯ್ದು ಬರುವ ದಕ್ಷಿಣ ಪಿನಾಕಿನಿಯೇ. ಈ ನದಿಯ ಕೆಳದಂಡೆಯಲ್ಲಿ ತಿರುಕ್ಕೋವಲೂರು ಇದೆ. ಅಂತ್ಯಾಕ್ಷರಿಯ ಚರಿತ್ರೆಯನ್ನು ಹೇಳಹೊರಟವನು ಅಲ್ಲಿಂದಲೇ ತೊಡಗಬೇಕೆಂದು ನನ್ನ ಎಣಿಕೆ.

ವೈಷ್ಣವ ಪರಂಪರೆಯ ಐತಿಹ್ಯವೊಂದಿದೆ. ಮಳೆ ಸುರಿಯುತ್ತಿದ್ದ ಒಂದು ಇರುಳು ಪೊಯ್ಗೈ, ಭೂತ, ಪೇಯ್ ಎಂಬ ಮೂವರು ಆಳ್ವಾರರು ಒಬ್ಬರನ್ನೊಬ್ಬರು ಅರಿಯದೆ ತಿರುಕ್ಕೋವಲೂರಿನ ಒಂದು ಇಕ್ಕಟ್ಟಾದ ಜಗಲಿಗೆ ಬಂದು ಸೇರಿದರಂತೆ. ಒಬ್ಬನಾದರೆ ಮಲಗಬಹುದು, ಇಬ್ಬರಾದರೆ ಕೂರಬಹುದು, ಮೂವರಾದರೆ ನಿಂತೇ ಇರಬೇಕು, ಅಷ್ಟೇ ಸ್ಥಳ. ಕತ್ತಲೆಯಲ್ಲಿ ನಾಲ್ಕನೆಯವನೊಬ್ಬ ಒತ್ತುತ್ತಿರುವಂತೆ ಅವರಿಗೆ ತೋರಿತು. ಮೊದಲನೆಯವರು ಭೂಮಿಯನ್ನೇ ಹಣತೆಯಾಗಿಸಿ ದೀಪ ಹಚ್ಚಿ ಹಾಡಿದರು. ಎರಡನೆಯವರು ಆ ದೀಪದ ಮಾತನ್ನೇ ಹಿಡಿದು ಪ್ರೀತಿಯನ್ನು ಹಣತೆಯಾಗಿಸಿದರು. ಮೂರನೆಯವರು ಆ ಬೆಳಕಿನಲ್ಲಿ ಕಂಡವನನ್ನು ಕುರಿತು ಹಾಡಿದರು. ಅಪರಿಚಿತರು ಒಬ್ಬರ ಮಾತನ್ನೊಬ್ಬರು ಎತ್ತಿಕೊಂಡು ಮುಂದುವರಿಸಿದ ಸಂಗತಿಗೆ ಇದಕ್ಕಿಂತ ಸೊಗಸಾದ ನಿದರ್ಶನವನ್ನು ನಾನರಿಯೆ. ಮೂವರ ಕೃತಿಗಳೂ ‘ತಿರುವಂತಾದಿ’ಗಳೇ. ಒಂದು ಪದ್ಯದ ಕೊನೆಯ ಪದ ಅಥವಾ ಅಕ್ಷರ ಮುಂದಿನ ಪದ್ಯದ ಮೊದಲಾಗುವುದು ಅಂತಾದಿ. ನಮ್ಮಾಳ್ವಾರರ ತಿರುವಾಯ್ಮೊಳಿ ಸಾವಿರಕ್ಕೂ ಮಿಕ್ಕ ಪದ್ಯಗಳಲ್ಲಿ ಹೀಗೆಯೇ ಸಾಗಿ ಕೊನೆಗೆ ಮೊದಲ ಪದಕ್ಕೇ ಮರಳುತ್ತದೆ. ಮೇಲುಕೋಟೆಯಲ್ಲಿ ಅದನ್ನು ಪಾರಾಯಣ ಮಾಡುವುದರಿಂದ ಕನ್ನಡನಾಡಿನ ಕಿವಿಗೂ ಈ ಕೊಂಡಿ ಹೊಸದಲ್ಲ.

ಆದರೆ ಅಂತಾದಿಯಿಂದಲೇ ಅಂತ್ಯಾಕ್ಷರಿ ಹುಟ್ಟಿತೆಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅಂತಾದಿಯಲ್ಲಿ ಕವಿ ತನ್ನ ಮಾತಿಗೆ ತಾನೇ ಉತ್ತರ ಕೊಡುತ್ತಾನೆ. ಆಟಕ್ಕೆ ಎದುರಾಳಿ ಬೇಕು. ನಮ್ಮ ಆಲಂಕಾರಿಕರು ಮುಕ್ತಪದಗ್ರಸ್ತವೆಂದು ಕರೆದ ಶಬ್ದಾಲಂಕಾರವೂ ಬಿಟ್ಟ ಪದವನ್ನು ಮತ್ತೆ ಹಿಡಿಯುವುದೇ ಆದರೂ ಅಲ್ಲಿಯೂ ಬಿಡುವವನು, ಹಿಡಿಯುವವನು ಒಬ್ಬನೇ. ಕನ್ನಡ ಕವಿಗಳು ಬಹುಕಾಲ ಸಾಲುಗಳನ್ನು ಬೆಸೆದದ್ದು ಕೊನೆಯಕ್ಷರದಿಂದಲ್ಲ, ಎರಡನೆಯ ಅಕ್ಷರದಿಂದ. ಆ ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನು ಮಂಜೇಶ್ವರದ ಗೋವಿಂದ ಪೈಗಳು ಬಿಟ್ಟುಕೊಟ್ಟದ್ದು 1911ರಲ್ಲಿ. ಅವರೂ ಗಡಿನಾಡಿನವರೇ ಎಂಬುದನ್ನು ನಾವು ಮರೆಯಬಾರದು.

ಎದುರಾಳಿಯಿರುವ ಮಾತಿನಾಟವನ್ನು ನೋಡಬೇಕಾದರೆ ಜನಪದರತ್ತ ತಿರುಗಬೇಕು. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದೂ ನಾಗೇಶಿಯವರು ಹೆಣ್ಣು ಹೆಚ್ಚೆಂದೂ ಇರುಳೆಲ್ಲ ವಾದಿಸುತ್ತಾರೆ. ಸವಾಲಿಗೆ ಜವಾಬು ಹೊಳೆಯದವನು ಡಪ್ಪು ಕೆಳಗಿಡಬೇಕಾದೀತು. ಕಾಸರಗೋಡು, ದಕ್ಷಿಣ ಕನ್ನಡಗಳ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದೊಡನೆ ಅರ್ಥಧಾರಿಗಳು ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಎದುರು ಕುಳಿತವನು, ಅವರು ಮಾತನ್ನು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿಂದಲೇ ಎತ್ತಿಕೊಳ್ಳಬೇಕಾಗಿತ್ತು. ಮದುವೆಮನೆಗಳ ಬೀಗರ ಹಾಡುಗಳೂ ಇದೇ ಜಾತಿಯವು. ಬೆಳಗ್ಗೆಯವರೆಗೆ ಮುಖ ನೋಡದ ಎರಡು ಮನೆಯ ಹೆಂಗಸರು ಸಂಜೆಯೊಳಗೆ ಹಾಡಿನಲ್ಲಿ ಬೈದಾಡಿ ನಂಟರಾಗುತ್ತಾರೆ. ಹೊಸಬರು ಹಳಬರಾಗುವುದಕ್ಕೆ ಊಟಕ್ಕಿಂತಲೂ ಇದು ಹೆಚ್ಚು ನೆರವಾಗುತ್ತದೆಯೆಂದು ಕಂಡಿದ್ದೇನೆ.

ಇನ್ನು ಆಟದ ನಿಯಮ. ಕನ್ನಡದ ದೇಸಿ ಪದಗಳಾವುವೂ ಣಕಾರದಿಂದಲೋ ಳಕಾರದಿಂದಲೋ ಮೊದಲಾಗುವುದಿಲ್ಲ. ಆದರೆ ಅವುಗಳಲ್ಲಿ ಮುಗಿಯುವ ಪದಗಳಿಗೆ ಲೆಕ್ಕವಿಲ್ಲ. ಜಾಣ ಆಟಗಾರನು ‘ಬೆರಳು’, ‘ಕಣ್ಣು’ ಎಂದು ಎದುರಾಳಿಯನ್ನು ಮೂಲೆಗೆ ತಳ್ಳುತ್ತಾನೆ. ಅದಕ್ಕೆಂದೇ ಣ ಬಂದರೆ ನ, ಳ ಬಂದರೆ ಲ ಎಂಬ ಒಪ್ಪಂದವನ್ನು ಎಷ್ಟೋ ಕಡೆ ಮಾಡಿಕೊಂಡಿದ್ದಾರೆ. ಜಪಾನೀಯರ ಶಿರಿತೋರಿ ಎಂಬ ಇಂಥದೇ ಆಟದಲ್ಲಿ ‘ನ್’ ಎಂದು ಮುಗಿಯುವ ಪದ ಹೇಳಿದವನು ಸೋತಂತೆಯೇ, ಏಕೆಂದರೆ ಅದರಿಂದ ಮೊದಲಾಗುವ ಪದ ಅವರಲ್ಲಿಲ್ಲ. ಅವರು ಶಿಕ್ಷಿಸುವಲ್ಲಿ ನಾವು ವಿನಾಯಿತಿ ಕೊಟ್ಟೆವು.

ಗಡಿನಾಡಿನಲ್ಲಿ ಇನ್ನೊಂದು ತೊಡಕುಂಟು. ‘ಮರ’ ಎಂದರೆ ಕನ್ನಡದಲ್ಲಿ ರಕಾರ ಬರಬೇಕು. ಅದೇ ಮರ ತಮಿಳಿನಲ್ಲಿ ‘ಮರಮ್’, ಆಗ ಮಕಾರ. ಹಳಗನ್ನಡವೂ ವ್ಯಂಜನಾಂತವೇ ಆಗಿತ್ತು: ಕಣ್, ಕಾಲ್, ಬಾಯ್. ತಗಡೂರೆಂದು ಹೆಸರಾಗಿದ್ದ ಇಂದಿನ ಧರ್ಮಪುರಿಯಲ್ಲಿ ನೊಳಂಬ ಮಹೇಂದ್ರನ ಕಾಲದ, ಅಂದರೆ 9ನೆಯ ಶತಮಾನದ ಕನ್ನಡ ಶಾಸನಗಳಿವೆ. ಕವಿರಾಜಮಾರ್ಗ ಹುಟ್ಟಿದ್ದೂ ಆ ಶತಮಾನದಲ್ಲೇ. ಓದುಬರಹದ ಅಭ್ಯಾಸವಿಲ್ಲದೆಯೂ ಕಾವ್ಯದಲ್ಲಿ ನುರಿತವರು ಈ ನಾಡಿನ ಜನರೆಂದು ಅದು ಹೊಗಳುತ್ತದೆ. ಅಂದಿನ ತಗಡೂರಿನ ಮಕ್ಕಳು ಈ ಆಟವಾಡಿದ್ದರೆ ಕನ್ನಡದ ಮಗುವೂ ತಮಿಳಿನ ಮಗುವೂ ಅನೇಕ ಪದಗಳಲ್ಲಿ ಒಂದೇ ಅಕ್ಷರಕ್ಕೆ ಬಂದು ನಿಲ್ಲುತ್ತಿದ್ದರು. ಕನ್ನಡವು ಮುಂದೆ ಉಕಾರವನ್ನು ತಂದುಕೊಂಡು ಕಣ್ಣು, ಕಾಲು ಎಂದು ಬೇರೆ ದಾರಿ ಹಿಡಿಯಿತು.

ಓದುಬರಹವಿಲ್ಲದ ಆ ಜಾಣ್ಮೆ ಇಂದು ನಮಗೆ ಹೊಗಳಿಕೆಯಾಗಿ ಉಳಿದಿಲ್ಲ, ಅವಸ್ಥೆಯಾಗಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಮೈಸೂರಿನ ಕೈತಪ್ಪಿತು. ನಮ್ಮ ಸೀಮೆ ಸೇಲಂ ಜಿಲ್ಲೆಗೆ ಸೇರಿ, 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. 2006ರ ಕಾಯ್ದೆಯಂತೆ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ತಮಿಳು ಕಡ್ಡಾಯ. ಇರುವ ನಾಡಿನ ನುಡಿಯನ್ನು ಮಕ್ಕಳು ಚೆನ್ನಾಗಿ ಕಲಿಯಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಮನೆಯಲ್ಲಿ ಕನ್ನಡವಾಡುವ ಎಷ್ಟೋ ಮಕ್ಕಳಿಗೆ ಕನ್ನಡವು ದನಿ ಮಾತ್ರವಾಗಿದೆ, ಲಿಪಿಯಲ್ಲ. ಅಂತ್ಯಾಕ್ಷರಿಯಲ್ಲಿ ‘ಅಕ್ಷರ’ವೆಂಬ ಪದವಿದ್ದರೂ ಅದಕ್ಕೆ ಬೇಕಾದದ್ದು ಕಿವಿಯೇ, ಲಿಪಿಯರಿಯದ ಮಗುವೂ ‘ರ’ ಕೇಳಿ ‘ರಾಗಿ’ ಎನ್ನಬಲ್ಲದು, ‘ಗಿ’ ಕೇಳಿ ‘ಗಿಳಿ’ ಎನ್ನಬಲ್ಲದು.

ಆದುದರಿಂದ ಸಂಘದವರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಮ್ಮೇಳನದಲ್ಲಿ ಭಾಷಣಗಳಿಂದ ಒಂದು ಗಂಟೆಯನ್ನು ಕಡಿತಗೊಳಿಸಿ ಬೇರೆ ಬೇರೆ ಊರಿನ, ಪರಸ್ಪರ ಪರಿಚಯವಿಲ್ಲದ ಮಕ್ಕಳನ್ನು ಎರಡು ಸಾಲಾಗಿ ಕೂರಿಸಿರಿ. ಹಾಡು ಬೇಡ, ಪದ ಸಾಕು. ಮನೆಯಲ್ಲಿ ಆಡುವ ಪದವೇ ಆಗಿರಲಿ. ಣ, ಳಗಳಿಗೆ ವಿನಾಯಿತಿಯಿರಲಿ. ‘ಮರಮ್’ ಎಂದ ಮಗುವನ್ನು ಆಟದಿಂದ ಎಬ್ಬಿಸದೆ, ಪಕ್ಕದಲ್ಲಿ ಕುಳಿತ ಅಜ್ಜಿಯೊಬ್ಬರು ‘ಮರ’ ಎಂದು ತಿದ್ದಿ ಮತ್ತೆ ಆಡಿಸಲಿ.