ಬಂದ, ಬಂದ್ರು ಮತ್ತು ವೆನಿವಾ

1951ರಲ್ಲಿ ನ್ಯೂಯಾರ್ಕ್‌ನಲ್ಲಿ ಅಲೆಕ್ಸಾಂಡರ್ ಗೋಡ್ ಮತ್ತವರ ತಂಡ, ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್‌ನಂಥ ಭಾಷೆಗಳ ಸಾಮಾನ್ಯ ಪದಗಳನ್ನು ಆಯ್ದು ‘ಇಂಟರ್‌ಲಿಂಗ್ವಾ’ ಅನ್ನೋ ಹೊಸ ಭಾಷೆಯ ನಿಘಂಟು, ವ್ಯಾಕರಣ ಹೊರತಂದ್ರು. ಅದರಲ್ಲಿ ‘ಬರು’ ಕ್ರಿಯಾಪದದ ಭೂತಕಾಲ ‘ವೆನಿವಾ’. ನಾನು, ನೀನು, ಅವಳು, ಅವರು, ಯಾರೇ ಬಂದಿರಲಿ ಅದೇ ರೂಪ.

ನಮ್ಮ ಕೂಡ್ಲಿಗಿ ಕಡೆ ಹಾಗಲ್ಲ. ಬಂದೆ, ಬಂದಿ, ಬಂದ, ಬಂದ್ಳು, ಬಂದ್ರು. ಹೆಸರು ಹೇಳದಿದ್ರೂ ಬಂದವರು ಯಾರು, ಅವರಿಗೆಷ್ಟು ಮರ್ಯಾದೆ, ಎರಡೂ ಗೊತ್ತಾಗುತ್ತೆ. ಕೂಲಿ ಮಾಡ್ತಿದ್ದ ನಮ್ಮಜ್ಜ ಹೊಲಕ್ಕೆ ಹೋದ್ರೆ ಧಣಿ ಮನೆಯ ಸಣ್ಣ ಹುಡುಗರೂ ‘ಬಂದ’ ಅಂತಿದ್ರು. ಆ ಹುಡುಗರು ಬಂದ್ರೆ ಅಜ್ಜ ‘ಬಂದ್ರು’ ಅಂತಿದ್ದ.

ಸಂಜೆ ಬಾಗಿಲಲ್ಲಿ ಕಾಯ್ತಾ ಕೂತ ನಾನೂ ‘ಅಜ್ಜ ಬಂದ’ ಅಂತಲೇ ಕೂಗ್ತಿದ್ದೆ. ಅದು ಪ್ರೀತಿ. ವೆನಿವಾದಲ್ಲಿ ಆ ಅವಮಾನ ಇಲ್ಲ, ಈ ಪ್ರೀತಿಯೂ ಇಲ್ಲ.