ಮಧುಮೇಹವುಳ್ಳ ಗರ್ಭಿಣಿಯರ ಆಹಾರ ಮತ್ತು ತೂಕವೃದ್ಧಿ

ಮಧುಮೇಹವುಳ್ಳ ಗರ್ಭಿಣಿಯ ರಕ್ತದಲ್ಲಿನ ಗ್ಲೂಕೋಸು ಜರಾಯುವನ್ನು ದಾಟಿ ಶಿಶುವನ್ನು ಸೇರುವುದಾದರೂ ಆಕೆಯ ಇನ್ಸುಲಿನ್ ಹಾಗೆ ದಾಟಲಾರದಾದುದರಿಂದ, ಭ್ರೂಣವು ತಾನೇ ಅಧಿಕವಾಗಿ ಇನ್ಸುಲಿನ್ ಸ್ರವಿಸಿ ಮಿತಿಮೀರಿ ಬೆಳೆಯುವುದೆಂಬ ಡೆನ್ಮಾರ್ಕಿನ ವೈದ್ಯ ಪೆಡರ್ಸನ್ನರ ಪ್ರತಿಪಾದನೆಯು ಇಂಥವರ ಪಥ್ಯಕ್ರಮಕ್ಕೆ ಮುಖ್ಯ ಆಧಾರವಾಗಿದೆ. ಆದರೂ ಉಪವಾಸವಾಗಲಿ, ಅನ್ನವನ್ನು ಸಂಪೂರ್ಣವಾಗಿ ವರ್ಜಿಸುವುದಾಗಲಿ ಸರ್ವಥಾ ಸಲ್ಲದು. ದಿನಕ್ಕೆ ಕನಿಷ್ಠ 175 ಗ್ರಾಂ ಶರ್ಕರಪಿಷ್ಟ ಅವಶ್ಯವಾಗಿದ್ದು, ಅದನ್ನು ಮೂರು ಮಿತವಾದ ಊಟಗಳಿಗೂ ಎರಡು ಮೂರು ಲಘು ಉಪಾಹಾರಗಳಿಗೂ ಹಂಚುವುದು ಉಚಿತ. ಪ್ರಾತಃಕಾಲದಲ್ಲಿ ಇನ್ಸುಲಿನ್ನಿನ ಪ್ರಭಾವ ಕುಗ್ಗಿರುವುದರಿಂದ ಬೆಳಗಿನ ತಿಂಡಿಯಲ್ಲಿ ಇಡ್ಲಿಯೊಂದನ್ನು ಕಡಮೆಮಾಡಿ, ಬೇಳೆ ತರಕಾರಿಗಳು ಧಾರಾಳವಾಗಿರುವ ಸಾಂಬಾರನ್ನು ಹೆಚ್ಚಿಸಿಕೊಳ್ಳುವುದು ಮೇಲು. ಬಸುರಿಯು ಇಬ್ಬರ ಊಟ ಉಣ್ಣಬೇಕೆಂಬ ಮನೆಯವರ ಒತ್ತಾಯ ಪ್ರೀತಿಯಿಂದಲೇ ಹುಟ್ಟಿದುದಾದರೂ ಇಲ್ಲಿ ಅಪಾಯಕರವೇ ಸರಿ. ಅಮೆರಿಕದ ತಜ್ಞಸಮಿತಿಯು 2009ರಲ್ಲಿ ಎಲ್ಲ ಗರ್ಭಿಣಿಯರಿಗೆಂದು ವಿಧಿಸಿದ ತೂಕವೃದ್ಧಿಯ ಮಿತಿಗಳೇ ಇವರಿಗೂ ಸಾಮಾನ್ಯವಾಗಿ ಅನ್ವಯಿಸುತ್ತವೆ: ಸಹಜತೂಕದವರಿಗೆ 11.5ರಿಂದ 16, ಸ್ಥೂಲಕಾಯರಿಗೆ 5ರಿಂದ 9 ಕಿಲೋಗ್ರಾಂ.