ನಮ್ಮ ಬೀದರ್, ಭಾಗ 4: ಕಾಲಡಿಯ ಕರೇಜ್

ಕೋಟೆ, ಅಷ್ಟೂರು ಗುಮ್ಮಟ, ಝರಣಿ ನರಸಿಂಹ. ಸಂಡೇ ಬಂದ್ರ ನಮ್ಮ ಸುತ್ತಾಟ ಇಷ್ಟೇ. ನೌಬಾದ್ ಕಡೆ ಸಾಲಾಗಿ ಇರೋ ಬಾವಿಯಂಥ ಗುಂಡಿ ನೋಡೀರೇನು? ಅವು ಹಾಳುಬಾವಿ ಅಲ್ಲ, ಕರೇಜ್‌ನ ಬಾಯಿಗಳು.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಒಂದನೇ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಊರು ಇರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಮಳೆನೀರು ಆ ಕಲ್ಲಿನೊಳಗೆ ಇಂಗಿ, ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಅದನ್ನು ಹಿಡಿಯಲು ಬಹಮನಿ ಕಾಲದವರು ಪರ್ಷಿಯಾದ ವಿದ್ಯೆಯಂತೆ ಇಳಿಜಾರು ಸುರಂಗ ಕೊರೆದರು. ಪಂಪ್ ಇಲ್ಲ, ಕರೆಂಟ್ ಇಲ್ಲ. ನೀರು ತಾನಾಗೇ ಹರೀತಿತ್ತು. ಮೇಲಿನ ಬಾಯಿಗಳು ಗಾಳಿಗೆ, ಹೂಳು ತೆಗೆಯೋಕೆ, ನೀರು ಸೇದೋಕೆ.

ಫೋಟೋ ತಗೋರಿ ದೋಸ್ತರೇ, ಆದ್ರ ಚಿಪ್ಸ್ ಪಾಕೀಟು ಒಳಗ ಒಗೀಬ್ಯಾಡ್ರಿ. ಒಂದು ಬಾಯಿಗೆ ಕಸ ತುಂಬಿದ್ರ ಕೆಳಗಿನ ಹರಿವೇ ಕಟ್ಟುತ್ತದೆ.